ಕಡಿಮೆ ಆದಾಯದ ಮನೆಗಳಿಗೆ ತೆರಿಗೆ ರಿಟರ್ನ್ ತುಂಬಿಕೊಡುವ ಸ್ವಯಂಸೇವಕರಿಗೊಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ವಡಗಾವಿ, ಖಾಸಬಾಗಗಳ ಮಗ್ಗದ ಮನೆಗಳಲ್ಲಾಗಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಾಗಲಿ ಆದಾಯ ತೆರಿಗೆಯ ಮಾತೆತ್ತಿದರೆ, ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಜನ ಕೈಯಾಡಿಸಿಬಿಡುತ್ತಾರೆ. ಅವರ ಮಾತು ಅರ್ಧ ನಿಜ. ತೆರಿಗೆ ಕಟ್ಟಬೇಕಾದಷ್ಟು ಆದಾಯ ಆ ಮನೆಗಳಿಗಿಲ್ಲ. ಆದರೆ ಮಜೂರಿಯ ಬಿಲ್ಲಿನಿಂದ, ಠೇವಣಿಯ ಬಡ್ಡಿಯಿಂದ, ಹೊರಗುತ್ತಿಗೆಯ ಸಂಬಳದಿಂದ ಮೂಲದಲ್ಲೇ ತೆರಿಗೆ ಕಡಿತವಾಗಿ, ಟಿಡಿಎಸ್ ಎಂಬ ಹೆಸರಿನಲ್ಲಿ ಸರ್ಕಾರದ ಖಾತೆಗೆ ಹೋಗಿರುತ್ತದೆ. ಆ ಹಣ ಮರಳಿ ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು. ಒಂದು ವಾರದ ಸಂತೆಗೋ ಮಗಳ ಕಾಲೇಜಿನ ಫೀಗೋ ಆಗುವಷ್ಟು ಮೊತ್ತವನ್ನು ಗೊತ್ತಿಲ್ಲದೆ ಬಿಟ್ಟುಕೊಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ವಾಣಿಜ್ಯ ಓದಿದವರು, ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು, ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಮಾಡಬಹುದಾದ ಕೆಲಸವಿದು. ಇದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಆಗಿರಬೇಕೆಂಬ ನಿಯಮವಿಲ್ಲ. ಪದವೀಧರರಿಗೆ ತರಬೇತಿ ಕೊಟ್ಟು ರಿಟರ್ನ್ ತಯಾರಕರನ್ನಾಗಿ ಮಾಡುವ ಯೋಜನೆಯೊಂದನ್ನು ಕೇಂದ್ರ ಸರ್ಕಾರವೇ 2006ರಲ್ಲಿ ಆರಂಭಿಸಿತ್ತು. ಆದರೆ ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಎಷ್ಟು ರಿಟರ್ನ್ ತುಂಬಿದೆವು ಎಂಬುದರಿಂದ ಈ ಸೇವೆಯನ್ನು ಅಳೆಯಲಾಗದು. ಯಾರಿಗೆ ರಿಟರ್ನ್ ಬೇಕು, ಯಾರಿಗೆ ಬೇಡ, ಯಾರ ಹಣ ಕಡಿತವಾಗದಂತೆ ಮೊದಲೇ ತಡೆಯಬಹುದಿತ್ತು ಎಂದು ಬೇರ್ಪಡಿಸುವುದೇ ಇಲ್ಲಿನ ಮುಖ್ಯ ಕೆಲಸ. ಗಣಕಯಂತ್ರದ ಮುಂದೆ ಕೂರುವುದು ಅದರ ನಂತರದ್ದು.

ಈ ಬರಹದಲ್ಲಿರುವ ಮೊತ್ತಗಳು 2025-26ನೇ ಆರ್ಥಿಕ ವರ್ಷದ ಆದಾಯಕ್ಕೆ, ಅಂದರೆ 2026-27ರ ಅಸೆಸ್‌ಮೆಂಟ್ ವರ್ಷಕ್ಕೆ (ಆ ಆದಾಯದ ರಿಟರ್ನ್ ಸಲ್ಲಿಸುವ ವರ್ಷಕ್ಕೆ) ಅನ್ವಯಿಸುತ್ತವೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದರೂ ಆ ದಿನಾಂಕಕ್ಕೆ ಹಿಂದಿನ ಆದಾಯವನ್ನು 1961ರ ಕಾಯ್ದೆಯಂತೆಯೇ ಲೆಕ್ಕ ಹಾಕಬೇಕು. ರಿಟರ್ನ್ ತುಂಬುವಾಗ ತಪ್ಪು ವರ್ಷವನ್ನು ಆರಿಸಿಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪಾದ್ದರಿಂದ, ಇದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿಕೊಂಡರೂ ಸರಿಯೇ.

ಮೊದಲ ಹೆಜ್ಜೆ: ಕಾಲ, ಸ್ಥಳ ಮತ್ತು ತಂಡ

ಏಪ್ರಿಲ್‌ನಲ್ಲೇ ಶಿಬಿರ ಹಾಕುವ ಉತ್ಸಾಹ ಬೇಡ. ವರ್ಷದ ಕೊನೆಯ ಮೂರು ತಿಂಗಳ ಟಿಡಿಎಸ್ ವಿವರವನ್ನು ಕಡಿತ ಮಾಡಿದವರು ಮೇ 31ರವರೆಗೆ ಸಲ್ಲಿಸಬಹುದು; ಸಂಬಳದವರಿಗೆ ಕೊಡಬೇಕಾದ ಫಾರ್ಮ್ 16ಕ್ಕೆ ಜೂನ್ 15ರವರೆಗೆ ಅವಕಾಶವಿದೆ. ಅದಕ್ಕೂ ಮೊದಲು ತುಂಬಿದ ರಿಟರ್ನಿನಲ್ಲಿ ಮಾರ್ಚ್ ತಿಂಗಳ ಕಡಿತ ಕಾಣಿಸದೆ ಹೋಗಿ, ಮತ್ತೊಮ್ಮೆ ತಿದ್ದುಪಡಿ ರಿಟರ್ನ್ ಸಲ್ಲಿಸಬೇಕಾಗುತ್ತದೆ. ಸಂಬಳ, ಪಿಂಚಣಿ, ಬಡ್ಡಿಯ ಆದಾಯವುಳ್ಳವರಿಗೆ ಜುಲೈ 31 ಕಡೆಯ ದಿನ. ಹೀಗಾಗಿ ಜೂನ್ ಮೂರನೇ ವಾರದಿಂದ ಜುಲೈ 20ರವರೆಗಿನ ಒಂದು ತಿಂಗಳು ನಿಜವಾದ ಹಂಗಾಮು. ಅದೇ ಹೊತ್ತಿಗೆ ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಮುಂಗಾರಿ ಬಿತ್ತನೆ ಎಲ್ಲವೂ ಇರುವುದರಿಂದ, ಹಳ್ಳಿಗಳಲ್ಲಿ ಹಗಲು ಹೊತ್ತು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸಂತೆಯ ದಿನ, ಭಾನುವಾರ, ಇಲ್ಲವೇ ಸಂಜೆ ಆರರ ನಂತರ ಕೂರುವುದೇ ವಾಸಿ.

ಸ್ಥಳಕ್ಕೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಶಾಲೆಯ ಕೊಠಡಿ, ನೇಕಾರರ ಸಹಕಾರ ಸಂಘದ ಪಡಸಾಲೆ, ಸಮುದಾಯ ಭವನ, ಯಾವುದಾದರೂ ಆದೀತು. ಪಕ್ಕದ ಕುರ್ಚಿಯವರಿಗೆ ಕೇಳಿಸದಂತೆ ಮಾತಾಡುವಷ್ಟು ಅಂತರವಿರುವ ಒಂದು ಮೂಲೆ ಮಾತ್ರ ಇರಲೇಬೇಕು. ತನ್ನ ಠೇವಣಿ ಎಷ್ಟಿದೆ ಎಂಬುದನ್ನು ನಾದಿನಿಯ ಎದುರು ಹೇಳಲು ಯಾವ ಹೆಣ್ಣುಮಗಳೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ತಂಡದಲ್ಲಿ ಕನಿಷ್ಠ ಮೂವರಿರಲಿ: ಒಬ್ಬರು ಮಾತಾಡಿಸಿ ಕಾಗದಪತ್ರ ನೋಡುವವರು, ಒಬ್ಬರು ತುಂಬುವವರು, ಇನ್ನೊಬ್ಬರು ಸಲ್ಲಿಸುವ ಮೊದಲು ಪರಿಶೀಲಿಸುವವರು. ತುಂಬಿದವರೇ ಪರಿಶೀಲಿಸಿದರೆ ಕಣ್ಣು ತನ್ನ ತಪ್ಪನ್ನು ತಾನು ನೋಡುವುದಿಲ್ಲ. ಬೆಳಗಾವಿ, ನಿಪ್ಪಾಣಿ, ಖಾನಾಪುರ ಭಾಗದಲ್ಲಿ ಮರಾಠಿ ಬಲ್ಲವರೊಬ್ಬರು, ವಿಜಯಪುರ ನಗರದಲ್ಲಿ ಉರ್ದು ಬಲ್ಲವರೊಬ್ಬರು ಮೊದಲ ಕುರ್ಚಿಯಲ್ಲಿದ್ದರೆ ಅರ್ಧ ಕೆಲಸ ಹಗುರವಾಗುತ್ತದೆ. ಸೇವೆಗೆ ಹಣ ತೆಗೆದುಕೊಳ್ಳಬಾರದು, ಬಂದ ರೀಫಂಡಿನಲ್ಲಿ ಪಾಲಂತೂ ಸಲ್ಲದು ಎಂದು ಮೊದಲ ದಿನವೇ ಗೋಡೆಯ ಮೇಲೆ ಬರೆದು ಹಾಕಿ. ಶೇಕಡಾವಾರು ಕಮಿಷನ್ ಮೇಲೆ ಕೆಲಸ ಮಾಡುವವರಿಗೆ ರೀಫಂಡನ್ನು ಹಿಗ್ಗಿಸುವ ಆಸೆ ಹುಟ್ಟುತ್ತದೆ. ಎಷ್ಟೋ ಸುಳ್ಳು ರಿಟರ್ನ್‌ಗಳ ಬೇರು ಅಲ್ಲಿಯೇ ಇದೆ.

ಎರಡನೆಯ ಹೆಜ್ಜೆ: ರಿಟರ್ನ್ ಬೇಕೇ ಎಂದು ತೀರ್ಮಾನಿಸುವುದು

ಭಾರತದಲ್ಲಿ ಕುಟುಂಬಕ್ಕೆಂದು ಒಂದೇ ರಿಟರ್ನ್ ಇಲ್ಲ. ಗಂಡನದು ಬೇರೆ, ಹೆಂಡತಿಯದು ಬೇರೆ, ದುಡಿಯುವ ಮಗನದು ಬೇರೆ. ಆದ್ದರಿಂದ ಮನೆಯವರೆಲ್ಲ ಒಟ್ಟಿಗೆ ಬಂದರೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ವಿಚಾರಿಸಬೇಕು.

1961ರ ಕಾಯ್ದೆಯೊಳಗೇ ಇರುವ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಅಲ್ಲಿಂದ 12 ಲಕ್ಷದವರೆಗೆ ಲೆಕ್ಕದಲ್ಲಿ ತೆರಿಗೆ ಬಂದರೂ, ಸಾಮಾನ್ಯ ಆದಾಯವಾಗಿದ್ದರೆ 60,000 ರೂಪಾಯಿವರೆಗಿನ ರಿಬೇಟಿನಿಂದ ಅದು ಸೊನ್ನೆಯಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ತೆರಿಗೆ ಸೊನ್ನೆಯಾದ ಮಾತ್ರಕ್ಕೆ ರಿಟರ್ನ್ ಸಲ್ಲಿಸುವ ಹೊಣೆ ತಪ್ಪುವುದಿಲ್ಲ. ಆದಾಯ 4 ಲಕ್ಷ ದಾಟಿದ್ದರೆ ಸಲ್ಲಿಸಲೇಬೇಕು. 4 ಲಕ್ಷದ ಒಳಗಿದ್ದರೂ ಕೆಲವು ಸಂದರ್ಭಗಳಲ್ಲಿ ಸಲ್ಲಿಸಬೇಕಾಗುತ್ತದೆ: ವರ್ಷದ ವಿದ್ಯುತ್ ಬಿಲ್ಲು 1 ಲಕ್ಷ ಮೀರಿದ್ದರೆ, ವ್ಯಾಪಾರದ ವಹಿವಾಟು 60 ಲಕ್ಷ ದಾಟಿದ್ದರೆ, ಉಳಿತಾಯ ಖಾತೆಗಳಿಗೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜಮೆಯಾಗಿದ್ದರೆ, ಟಿಡಿಎಸ್ ಮೊತ್ತ 25,000 (ಹಿರಿಯ ನಾಗರಿಕರಿಗೆ 50,000) ಮುಟ್ಟಿದ್ದರೆ. ನೇಕಾರರ ಮನೆಗಳಲ್ಲಿ ವಿದ್ಯುತ್ ಬಿಲ್ಲಿನ ಪ್ರಶ್ನೆಯನ್ನು ಮರೆಯದೆ ಕೇಳಬೇಕು.

ಇವು ಯಾವುವೂ ಇಲ್ಲ, ಟಿಡಿಎಸ್ ಕೂಡ ಕಡಿತವಾಗಿಲ್ಲ ಎಂದಾದರೆ ಆ ವ್ಯಕ್ತಿಗೆ ರಿಟರ್ನ್ ಬೇಡ. ಬಂದಿದ್ದಾರಲ್ಲ, ಒಂದು ತುಂಬಿಬಿಡೋಣ ಎಂಬ ಔದಾರ್ಯ ಇಲ್ಲಿ ಅಪಾಯಕಾರಿ. ಶಿಬಿರದಲ್ಲಿ ನಾವು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ತೆರಿಗೆಯದ್ದಲ್ಲ: “ಸರ್, ಇದನ್ನ ತುಂಬಿದ್ರ ನಮ್ಮ ರೇಶನ್ ಕಾರ್ಡ ಹೋಗತೈತೇನ್ರೀ?” ಈ ಭಯ ಪೊಳ್ಳಲ್ಲ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಪಡೆಯಲು ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರ ಕುಟುಂಬಕ್ಕೆ ಪಿಎಂ ಕಿಸಾನ್ ಹಣ ಸಲ್ಲುವುದಿಲ್ಲ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ.

ಇದಕ್ಕೆ ನೇರವಾಗಿ, ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ; ರೀಫಂಡ್ ಪಡೆದವರು ತೆರಿಗೆ ಕಟ್ಟಿದವರಾಗುವುದಿಲ್ಲ. ಆದರೂ ಇಲಾಖೆಗಳ ನಡುವೆ ಪಟ್ಟಿಗಳನ್ನು ತಾಳೆ ನೋಡುವಾಗ ಗೊಂದಲವಾಗಿ ಹಣ ನಿಂತರೆ, ರಿಟರ್ನ್ ಪರಿಶೀಲಿಸಿದ ಮೇಲೆ ತೆರಿಗೆ ಇಲಾಖೆ ಕಳುಹಿಸುವ, ತೆರಿಗೆ ಸೊನ್ನೆ ಎಂದು ತೋರಿಸುವ 143(1)ರ ತಿಳಿವಳಿಕೆ ಪತ್ರವನ್ನು ಮುದ್ರಿಸಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಕಚೇರಿಗೋ ಆಹಾರ ಇಲಾಖೆಗೋ ಕೊಡಬೇಕಾಗುತ್ತದೆ. 700 ರೂಪಾಯಿ ರೀಫಂಡಿಗಾಗಿ ಇಷ್ಟು ಓಡಾಟದ ಸಾಧ್ಯತೆಯನ್ನು ಹೊರುವುದೋ ಬೇಡವೋ ಎಂಬುದನ್ನು, ರಿಟರ್ನ್ ಕಡ್ಡಾಯವಲ್ಲದ ಸಂದರ್ಭದಲ್ಲಿ, ಆ ಮನೆಯವರೇ ನಿರ್ಧರಿಸಲಿ. ಹಾಗೆಯೇ, ಟ್ರ್ಯಾಕ್ಟರ್ ಸಾಲಕ್ಕೋ ಮನೆ ಸಾಲಕ್ಕೋ ಬೇಕೆಂದು ಇಲ್ಲದ ಆದಾಯವನ್ನು ತೋರಿಸಿ ರಿಟರ್ನ್ ಮಾಡಿಸುವ ರೂಢಿ ಈ ಭಾಗದಲ್ಲಿ ಬೇರೂರಿದೆ. ಸಾಲ ಮಂಜೂರಾದ ಮೇಲೆ ಅದೇ ಕಾಗದ ರೇಶನ್ ಕಾರ್ಡಿಗೆ ಮುಳುವಾಗುತ್ತದೆ. ಸ್ವಯಂಸೇವಕರು ಆದಾಯವನ್ನು ಕುಗ್ಗಿಸಲೂಬಾರದು, ಹಿಗ್ಗಿಸಲೂಬಾರದು.

ಮೂರನೆಯ ಹೆಜ್ಜೆ: ಪ್ಯಾನ್, ಆಧಾರ್, ಮೊಬೈಲ್, ಬ್ಯಾಂಕ್ ಖಾತೆ

ನಮ್ಮ ಅನುಭವದಲ್ಲಿ ರಿಟರ್ನ್ ತುಂಬಲು ಇಪ್ಪತ್ತು ನಿಮಿಷ ಸಾಕು. ಅದಕ್ಕೆ ಮೊದಲಿನ ಈ ನಾಲ್ಕನ್ನು ಹೊಂದಿಸಲು ಕೆಲವೊಮ್ಮೆ ಮೂರು ವಾರ ಹಿಡಿದಿದೆ.

ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಿದೆಯೇ ಎಂದು ಇಲಾಖೆಯ ಇ-ಫೈಲಿಂಗ್ ಪೋರ್ಟಲಿನಲ್ಲಿ ಲಾಗಿನ್ ಆಗದೆಯೇ ನೋಡಬಹುದು. ಜೋಡಣೆಯಾಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ನಿಷ್ಕ್ರಿಯ ಪ್ಯಾನಿಗೆ ರೀಫಂಡ್ ಬರುವುದಿಲ್ಲ, ಟಿಡಿಎಸ್ ಕೂಡ ಹೆಚ್ಚಿನ ದರದಲ್ಲಿ ಕಡಿತವಾಗುತ್ತದೆ. 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಬಹುದಾದರೂ, ಬರಬೇಕಾದ ರೀಫಂಡ್ 900 ರೂಪಾಯಿಯಾಗಿದ್ದರೆ ಈ ಲೆಕ್ಕವನ್ನು ಮೊದಲು ಅವರ ಮುಂದಿಡಬೇಕು. 80 ವರ್ಷ ದಾಟಿದವರಿಗೆ ಜೋಡಣೆಯ ಕಡ್ಡಾಯದಿಂದ ವಿನಾಯಿತಿ ಇದೆ.

ಜೋಡಣೆ ನಿಲ್ಲುವುದು ಬಹುತೇಕ ಹೆಸರಿನ ತೊಡಕಿನಿಂದ. ನಮ್ಮ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳಿರುತ್ತವೆ. ಒಂದು ಕಾರ್ಡಿನಲ್ಲಿ ಅಡ್ಡಹೆಸರು ಮೊದಲು ಬಂದರೆ ಇನ್ನೊಂದರಲ್ಲಿ ಕೊನೆಗೆ ಬರುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಆಧಾರಿನಲ್ಲಿ ಗಂಡನ ಹೆಸರು, ಪ್ಯಾನಿನಲ್ಲಿ ತವರಿನ ಅಡ್ಡಹೆಸರು ಇರುವುದು ಸಾಮಾನ್ಯ. ಎರಡರಲ್ಲಿ ಯಾವುದನ್ನು ತಿದ್ದಿಸುವುದು ಎಂಬುದನ್ನು ಬ್ಯಾಂಕ್ ಪಾಸ್‌ಬುಕ್ ನೋಡಿ ತೀರ್ಮಾನಿಸಿ. ಮೂರರಲ್ಲಿ ಎರಡು ಹೊಂದುತ್ತಿದ್ದರೆ ಮೂರನೆಯದನ್ನು ತಿದ್ದಿಸುವುದು ಸುಲಭ. ಪ್ಯಾನೇ ಇಲ್ಲದವರು, ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ, ಪೋರ್ಟಲಿನಲ್ಲೇ ಉಚಿತವಾಗಿ ಇ-ಪ್ಯಾನ್ ಪಡೆಯಬಹುದು.

ಆ ಮೊಬೈಲ್ ಸಂಖ್ಯೆಯದೇ ಮುಂದಿನ ಕಥೆ. ಅವ್ವನ ಆಧಾರಿಗೆ ಜೋಡಿಸಿದ ಸಿಮ್ ಗೋವಾದಲ್ಲೋ ಪುಣೆಯಲ್ಲೋ ದುಡಿಯುತ್ತಿರುವ ಮಗನ ಕೈಯಲ್ಲಿರುತ್ತದೆ. ಓಟಿಪಿ ಕೆಲವೇ ನಿಮಿಷ ಬಾಳುತ್ತದೆ. ಮಗ ಕೆಲಸದ ಮೇಲಿದ್ದು ಫೋನ್ ಎತ್ತದಿದ್ದರೆ ಎಲ್ಲವೂ ನಿಲ್ಲುತ್ತದೆ. ಶಿಬಿರಕ್ಕೆ ಬರುವ ಮೊದಲೇ ಇದನ್ನು ತಿಳಿಸಿ, ಸಾಧ್ಯವಾದರೆ ಆಧಾರ್ ಕೇಂದ್ರದಲ್ಲಿ ಅವರದೇ ಸಂಖ್ಯೆಯನ್ನು ನೋಂದಾಯಿಸಿಕೊಂಡು ಬರಲು ಹೇಳಿ. ಎಂಥ ಅವಸರದಲ್ಲೂ ಸ್ವಯಂಸೇವಕರು ತಮ್ಮ ಮೊಬೈಲ್ ಸಂಖ್ಯೆಯನ್ನಾಗಲಿ ಇ-ಮೇಲನ್ನಾಗಲಿ ಪೋರ್ಟಲಿನ ಪ್ರೊಫೈಲಿನಲ್ಲಿ ಹಾಕಬಾರದು. ಹಿಂದೆ ಯಾರೋ ಏಜೆಂಟರು ತಮ್ಮ ಸಂಖ್ಯೆ ಹಾಕಿಟ್ಟು, ಇಲಾಖೆಯ ನೋಟಿಸುಗಳು ಎರಡು ವರ್ಷ ಅವರಿಗೇ ಹೋಗುತ್ತಿದ್ದುದನ್ನು, ಮನೆಯವರಿಗೆ ಒಂದಕ್ಷರವೂ ಗೊತ್ತಿರದಿದ್ದುದನ್ನು ನಾವು ಕಂಡಿದ್ದೇವೆ. ಆಧಾರ್ ಓಟಿಪಿ ಬಳಸಿ ಪಾಸ್‌ವರ್ಡ್ ಬದಲಿಸಿ, ಸಂಪರ್ಕ ವಿವರವನ್ನು ತಿದ್ದಿಸಿದರೆ ಖಾತೆ ಮತ್ತೆ ಅವರ ಕೈಗೆ ಬರುತ್ತದೆ. ಹೊಸ ಪಾಸ್‌ವರ್ಡನ್ನು ಅವರೇ ತಮ್ಮ ವಹಿಯಲ್ಲಿ ಬರೆದುಕೊಳ್ಳಲಿ. ನಿಮ್ಮ ಪಟ್ಟಿಯಲ್ಲಿ ಅದು ಇರಬಾರದು.

ರೀಫಂಡ್ ಜಮೆಯಾಗುವುದು ಪೋರ್ಟಲಿನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ ಮಾತ್ರ. ಪಾಸ್‌ಬುಕ್ಕಿನಲ್ಲಿ ಮುದ್ರಿತವಾದ ಐಎಫ್‌ಎಸ್‌ಸಿ ಸಂಕೇತವನ್ನು ಕಣ್ಣುಮುಚ್ಚಿ ನಂಬಬೇಡಿ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಶಾಖೆಗಳಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ವಿಲೀನಗೊಂಡು, ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲಿದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹಳೆಯ ಪಾಸ್‌ಬುಕ್ ತಂದವರಿಂದ ಹೊಸದನ್ನು ಮುದ್ರಿಸಿ ತರಿಸಿ. ಸೌಹಾರ್ದ ಸಹಕಾರಿಗಳಲ್ಲಿ, ಪತ್ತಿನ ಸಂಘಗಳಲ್ಲಿ ಮಾತ್ರ ಖಾತೆಯಿರುವವರಿಗೆ ಯಾವುದಾದರೂ ಬ್ಯಾಂಕಿನಲ್ಲಿ ಪ್ಯಾನ್ ಜೋಡಿಸಿದ ಖಾತೆ ಬೇಕಾಗುತ್ತದೆ. ಬಹುಕಾಲ ವಹಿವಾಟಿಲ್ಲದೆ ಸ್ಥಗಿತಗೊಂಡ ಖಾತೆಯನ್ನು ಮೊದಲು ಜೀವಂತಗೊಳಿಸಬೇಕು.

ನಾಲ್ಕನೆಯ ಹೆಜ್ಜೆ: ಬಾಯಿಮಾತು ಮತ್ತು ದಾಖಲೆಗಳನ್ನು ತಾಳೆ ನೋಡುವುದು

ಪೋರ್ಟಲಿನಿಂದ ಫಾರ್ಮ್ 26ಎಎಸ್ ಮತ್ತು ವಾರ್ಷಿಕ ಮಾಹಿತಿ ವಿವರಣೆಯನ್ನು, ಅಂದರೆ ಎಐಎಸ್ ಅನ್ನು, ಇಳಿಸಿಕೊಳ್ಳಿ. ಮೊದಲನೆಯದರಲ್ಲಿ ಯಾರು ಎಷ್ಟು ಕಡಿತ ಮಾಡಿದ್ದಾರೆ ಎಂಬುದಿದ್ದರೆ, ಎರಡನೆಯದರಲ್ಲಿ ಬಡ್ಡಿ, ಆಸ್ತಿ ಖರೀದಿ, ದೊಡ್ಡ ಜಮೆಗಳೆಲ್ಲ ಇರುತ್ತವೆ. ಆದರೆ ಅದಕ್ಕೂ ಮೊದಲು ಮಾತಾಡಿ. ವರ್ಷವಿಡೀ ಹಣ ಎಲ್ಲೆಲ್ಲಿಂದ ಬಂತು ಎಂದು ಕೇಳಿದರೆ ಮುಕ್ಕಾಲು ಮಂದಿ ಸಂಬಳವನ್ನಷ್ಟೇ ಹೇಳುತ್ತಾರೆ. “ಅಕ್ಕಾವ್ರ, ಎಮ್ಮೆ ಕಟ್ಟೀರೇನು? ಹೊಲಿಗೆ ಹಾಕ್ತೀರೇನು? ಬಾಂಡ್ ಇಟ್ಟೀರೇನು?” ಎಂದು ಒಂದೊಂದಾಗಿ ಕೇಳಿದಾಗ ಉಳಿದದ್ದು ಹೊರಬರುತ್ತದೆ.

ಬೇಸಾಯದ ವಿಷಯವನ್ನು ವಿಶೇಷ ಎಚ್ಚರದಿಂದ ನೋಡಬೇಕು. ಕಬ್ಬು, ಜೋಳ, ದ್ರಾಕ್ಷಿ, ದಾಳಿಂಬೆ ಬೆಳೆದು ಮಾರಿದ ಹಣಕ್ಕೆ ತೆರಿಗೆಯಿಲ್ಲ. ಲಾವಣಿಗೆ ಕೊಟ್ಟ ಹೊಲದಿಂದ ಬರುವ ಹಣಕ್ಕೂ ಇಲ್ಲ. ಹೈನುಗಾರಿಕೆ, ಕುರಿ ಸಾಕಣೆ, ಕೋಳಿ ಫಾರ್ಮುಗಳ ಆದಾಯ ಮಾತ್ರ ಕೃಷಿ ಆದಾಯವಲ್ಲ, ಅದು ವ್ಯಾಪಾರದ ಆದಾಯ. ತೆರಿಗೆಯಿಲ್ಲವೆಂದು ಕೃಷಿ ಆದಾಯವನ್ನು ತೋರಿಸದೆ ಬಿಡುವುದು ಇನ್ನೊಂದು ತಪ್ಪು. ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿದ್ದರೆ ಸರಳವಾದ ಐಟಿಆರ್-1 ಮತ್ತು ಐಟಿಆರ್-4 ನಮೂನೆಗಳನ್ನು ಬಳಸುವಂತಿಲ್ಲ. ಎರಡೆಕರೆ ಕಬ್ಬು ಇರುವ ನಿವೃತ್ತ ಜವಾನರೊಬ್ಬರಿಗೂ ಐಟಿಆರ್-2 ಬೇಕು. ಕೃಷಿಯೇತರ ಆದಾಯ 4 ಲಕ್ಷ ದಾಟಿದವರಿಗೆ ತೆರಿಗೆಯ ದರ ನಿರ್ಧರಿಸಲು ಕೃಷಿ ಆದಾಯವನ್ನೂ ಕೂಡಿಸಿ ನೋಡಲಾಗುತ್ತದೆ. ಈ ಜಿಲ್ಲೆಗಳಲ್ಲಿ ತಪ್ಪು ನಮೂನೆ ಬಳಕೆಯಾಗುವುದು ಬಹುಮಟ್ಟಿಗೆ ಈ ಒಂದೇ ಕಾರಣಕ್ಕೆ.

ಐದನೆಯ ಹೆಜ್ಜೆ: ತುಂಬುವುದು

ಎರಡು ಉದಾಹರಣೆಗಳಿಂದ ವಿಷಯ ಸ್ಪಷ್ಟವಾದೀತು; ಇವು ವಿವರಣೆಗಾಗಿ ಹಾಕಿದ ಲೆಕ್ಕಗಳು.

ಬಾಗಲಕೋಟೆಯ ನವನಗರದಲ್ಲಿರುವ 66 ವರ್ಷದ ತಾಯಿಯೊಬ್ಬರಿಗೆ ತಿಂಗಳಿಗೆ 12,000 ರೂಪಾಯಿ ಕುಟುಂಬ ಪಿಂಚಣಿ ಬರುತ್ತದೆ. ಪತಿಯ ಗ್ರ್ಯಾಚುಟಿ ಮತ್ತು ಮುಳುಗಡೆ ಪರಿಹಾರದ ಹಣವನ್ನು ಠೇವಣಿ ಇಟ್ಟಿದ್ದಾರೆ. ಅದರಿಂದ ವರ್ಷಕ್ಕೆ 1,30,000 ರೂಪಾಯಿ ಬಡ್ಡಿ. ಹಿರಿಯ ನಾಗರಿಕರ ಬಡ್ಡಿ 1 ಲಕ್ಷ ದಾಟಿದರೆ ಬ್ಯಾಂಕ್ ಶೇ. 10ರಷ್ಟು ಕಡಿತ ಮಾಡುತ್ತದೆ (60 ವರ್ಷದೊಳಗಿನವರಿಗೆ ಈ ಮಿತಿ 50,000), ಹೀಗಾಗಿ 13,000 ರೂಪಾಯಿ ಹೋಗಿದೆ. ವರ್ಷದ ಪಿಂಚಣಿ 1,44,000. ಕುಟುಂಬ ಪಿಂಚಣಿಗೆ ಮೂರನೇ ಒಂದು ಭಾಗ ಅಥವಾ 25,000, ಇವೆರಡರಲ್ಲಿ ಕಡಿಮೆಯಾದದ್ದನ್ನು ಕಳೆಯಬಹುದಾದ್ದರಿಂದ ಉಳಿಯುವುದು 1,19,000. ಬಡ್ಡಿ ಸೇರಿಸಿದರೆ ಒಟ್ಟು 2,49,000. ತೆರಿಗೆ ಸೊನ್ನೆ, ರೀಫಂಡ್ 13,000. ಕುಟುಂಬ ಪಿಂಚಣಿಯನ್ನು ಸಂಬಳದ ಕಾಲಂನಲ್ಲಿ ಹಾಕಬಾರದು. ಅದು ಇತರ ಮೂಲಗಳ ಆದಾಯ. ಸ್ವಂತ ಪಿಂಚಣಿ ಪಡೆಯುವವರದು ಮಾತ್ರ ಸಂಬಳದ ಅಡಿಯಲ್ಲಿ ಬರುತ್ತದೆ, ಅವರಿಗೆ 75,000 ರೂಪಾಯಿ ಪ್ರಮಾಣಿತ ಕಡಿತವೂ ಸಿಗುತ್ತದೆ.

ಎರಡನೆಯದು ವಡಗಾವಿಯ ವಿದ್ಯುತ್ ಮಗ್ಗದ ಮಾಲೀಕರೊಬ್ಬರದು. ವ್ಯಾಪಾರಿಯಿಂದ ನೂಲು ಪಡೆದು, ಸೀರೆ ನೇಯ್ದುಕೊಟ್ಟು, ವರ್ಷಕ್ಕೆ 4,80,000 ರೂಪಾಯಿ ಮಜೂರಿಯನ್ನು ಬ್ಯಾಂಕ್ ಮೂಲಕ ಪಡೆದಿದ್ದಾರೆ. ಶೇ. 1ರಂತೆ 4,800 ರೂಪಾಯಿ ಕಡಿತವಾಗಿದೆ. ಲೆಕ್ಕಪುಸ್ತಕ ಇಡದ ಸಣ್ಣ ಉದ್ಯಮಿಗಳಿಗಾಗಿ ಇರುವ 44ಎಡಿ ಕಲಮಿನಡಿ, ಬ್ಯಾಂಕ್ ಮೂಲಕ ಬಂದ ಹಣದ ಕನಿಷ್ಠ ಶೇ. 6ನ್ನು, ನಗದಾಗಿ ಬಂದದ್ದರ ಕನಿಷ್ಠ ಶೇ. 8ನ್ನು ಲಾಭವೆಂದು ತೋರಿಸಿ ಐಟಿಆರ್-4 ತುಂಬಬಹುದು. ಇಲ್ಲಿ ಕನಿಷ್ಠ ಎಂಬ ಪದವನ್ನು ಮರೆಯಬಾರದು. ಶೇ. 6ರಂತೆ 28,800 ರೂಪಾಯಿ ಬರುತ್ತದೆ. ಅಷ್ಟರಲ್ಲಿ ಐದು ಮಂದಿಯ ಮನೆ ನಡೆಯಿತೆಂದರೆ ಯಾರು ನಂಬುತ್ತಾರೆ? ಕರೆಂಟು, ರಿಪೇರಿ, ಕೂಲಿ ಎಲ್ಲ ಕಳೆದು ನಿಜವಾಗಿ 1,90,000 ಉಳಿದಿದ್ದರೆ ಅಷ್ಟನ್ನೇ ತೋರಿಸಬೇಕು. ಆಗಲೂ ತೆರಿಗೆ ಸೊನ್ನೆ, 4,800 ಮರಳಿ ಬರುತ್ತದೆ.

ಆಸ್ಪತ್ರೆ, ಕಾಲೇಜುಗಳಲ್ಲಿ ಗೌರವಧನದ ಮೇಲೆ ದುಡಿಯುವವರ 26ಎಎಸ್‌ನಲ್ಲಿ ಕಡಿತ ಯಾವ ಕಲಮಿನಡಿ ಆಗಿದೆ ಎಂದು ನೋಡಿ: 192 ಆಗಿದ್ದರೆ ಸಂಬಳ, 194ಜೆ ಆಗಿದ್ದರೆ ವೃತ್ತಿಪರ ಶುಲ್ಕ. ಎರಡನೆಯದಕ್ಕೆ ಐಟಿಆರ್-1 ಹೊಂದುವುದಿಲ್ಲ. ಪ್ಯಾನ್ ಕೊಡದಿದ್ದವರಿಗೆ ಬ್ಯಾಂಕ್ ಶೇ. 20ರಷ್ಟು ಕಡಿತ ಮಾಡಿರುತ್ತದೆ, ಅದು 26ಎಎಸ್‌ನಲ್ಲಿ ಕಾಣುವುದೂ ಇಲ್ಲ. ಬ್ಯಾಂಕಿಗೆ ಪ್ಯಾನ್ ಕೊಟ್ಟು ಅವರ ಟಿಡಿಎಸ್ ವಿವರವನ್ನು ತಿದ್ದಿಸಿದ ಮೇಲಷ್ಟೇ ಮುಂದುವರಿಯಬೇಕು.

ಪಕ್ಕದ ಮನೆಯವರಿಗೆ 30,000 ರೀಫಂಡ್ ಬಂತು, ನಮಗೇಕಿಲ್ಲ ಎಂದು ಕೇಳುವವರು ಬಂದೇ ಬರುತ್ತಾರೆ. ಇಲ್ಲದ ಮನೆ ಬಾಡಿಗೆ, ಕಟ್ಟದ ವಿಮೆ, ಕೊಡದ ದೇಣಿಗೆಗಳನ್ನು ತೋರಿಸಿ ಪಡೆದ ರೀಫಂಡುಗಳ ಜಾಡು ಹಿಡಿದು ಇಲಾಖೆ 2025ರ ಜುಲೈ 14ರಂದು ದೇಶದ ಸುಮಾರು 150 ಕಡೆ ಶೋಧ ನಡೆಸಿತ್ತು. ಆದಾಯವನ್ನು ತಪ್ಪಾಗಿ ವರದಿ ಮಾಡಿದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು, ಅದು ಬೀಳುವುದು ರಿಟರ್ನ್ ಯಾರ ಹೆಸರಿನಲ್ಲಿದೆಯೋ ಅವರ ಮೇಲೆ. ಇಷ್ಟು ಹೇಳಿದರೆ ಸಾಕು, ವಾದ ಬೆಳೆಸಬೇಕಾಗಿಲ್ಲ.

ಎಲ್ಲಿ ಕೈಬಿಡಬೇಕು

ಕೆಲವು ಪ್ರಕರಣಗಳನ್ನು ಮುಟ್ಟದಿರುವುದೇ ಸೇವೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮುಳುಗಡೆ ಸಂತ್ರಸ್ತರಿಗೆ ನ್ಯಾಯಾಲಯದ ಆದೇಶದಂತೆ ಹೆಚ್ಚುವರಿ ಪರಿಹಾರ ಬಂದಾಗ ಅದರ ಜೊತೆ ಹಲವು ವರ್ಷಗಳ ಬಡ್ಡಿಯೂ ಸೇರಿರುತ್ತದೆ. ಆ ಬಡ್ಡಿ ಕೈಗೆ ಬಂದ ವರ್ಷದ ಆದಾಯವೆಂದೂ, ಅದರಲ್ಲಿ ಶೇ. 50ನ್ನು ಕಳೆಯಬಹುದೆಂದೂ ಕಾಯ್ದೆ ಹೇಳುತ್ತದೆ. ಆದರೆ ಯಾವ ಬಡ್ಡಿ ಪರಿಹಾರದ ಭಾಗ, ಯಾವುದು ಅಲ್ಲ ಎಂಬ ವ್ಯಾಜ್ಯ ನ್ಯಾಯಾಲಯಗಳಲ್ಲಿ ಬಹುಕಾಲದಿಂದ ನಡೆದಿದೆ. ಮೊತ್ತವೂ ದೊಡ್ಡದು. ಕಾಗದಗಳನ್ನು ಜೋಡಿಸಿಕೊಟ್ಟು ಚಾರ್ಟರ್ಡ್ ಅಕೌಂಟೆಂಟರ ಬಳಿ ಕಳುಹಿಸಿ.

ಕಬ್ಬು ಕಡಿಯುವ ಟೋಳಿಯ (ಕೂಲಿಕಾರರ ಗುಂಪಿನ) ಮುಖಂಡರಾದ ಮುಕಾದಮರದೂ ಇಂಥದೇ ಪ್ರಕರಣ. ಇಡೀ ಟೋಳಿಯ ಮಜೂರಿ ಅವರೊಬ್ಬರ ಹೆಸರಿಗೆ ಬಂದು, 26ಎಎಸ್‌ನಲ್ಲಿ ಹತ್ತಾರು ಲಕ್ಷ ಕಾಣುತ್ತದೆ. ಅದರಲ್ಲಿ ಅವರದೆನ್ನುವುದು ಕಮಿಷನ್ ಅಷ್ಟೇ, ಉಳಿದದ್ದು ಕಡಿಯುವವರ ಕೂಲಿ. ಕಮಿಷನ್ ಆದಾಯಕ್ಕೆ 44ಎಡಿ ಅನ್ವಯಿಸುವುದಿಲ್ಲ. ಜಮೀನು ಅಥವಾ ಪ್ಲಾಟ್ ಮಾರಿದವರು, ಜಿಎಸ್‌ಟಿ ನೋಂದಣಿ ಇರುವವರು, ಹಳೆಯ ನೋಟಿಸು ಹಿಡಿದು ಬಂದವರು ಕೂಡ ಶಿಬಿರದ ಮೇಜಿಗೆ ಸೇರಿದವರಲ್ಲ. ಒಳ್ಳೆಯ ಮನಸ್ಸಿನ ಒಬ್ಬ ಅಕೌಂಟೆಂಟರನ್ನು ಮೊದಲೇ ಒಪ್ಪಿಸಿಕೊಂಡಿದ್ದರೆ ಬಂದವರನ್ನು ಬರಿಗೈಲಿ ಕಳುಹಿಸಬೇಕಾಗುವುದಿಲ್ಲ.

ಆರನೆಯ ಹೆಜ್ಜೆ: ಸಲ್ಲಿಕೆ, ದೃಢೀಕರಣ ಮತ್ತು ಆಮೇಲಿನ ದಿನಗಳು

ಸಲ್ಲಿಸುವ ಗುಂಡಿ ಒತ್ತುವ ಮೊದಲು ಒಟ್ಟು ಆದಾಯ, ತೆರಿಗೆ, ರೀಫಂಡ್ ಮೂರನ್ನೂ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಸಲ್ಲಿಸಿದ 30 ದಿನದೊಳಗೆ ದೃಢೀಕರಿಸದಿದ್ದರೆ ರಿಟರ್ನ್ ಸಿಂಧುವಾಗುವುದಿಲ್ಲ. ಆಧಾರ್ ಓಟಿಪಿಯಿಂದ ಅಲ್ಲಿಯೇ ಮುಗಿಸುವುದು ಉತ್ತಮ. ಆಗದಿದ್ದರೆ ಐಟಿಆರ್-ವಿ ಎಂಬ ದೃಢೀಕರಣ ಪತ್ರ ಮುದ್ರಿಸಿ, ಸಹಿ ಮಾಡಿಸಿ, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಗಡುವು ತಪ್ಪಿದವರಿಗೆ ಡಿಸೆಂಬರ್ 31ರವರೆಗೆ ವಿಳಂಬ ರಿಟರ್ನಿಗೆ ಅವಕಾಶವಿದೆ. ಆದಾಯ 5 ಲಕ್ಷದೊಳಗಿದ್ದರೆ ಶುಲ್ಕ 1,000 ರೂಪಾಯಿ, ಅದಕ್ಕೆ ಮೇಲಾದರೆ 5,000. ಮೂಲ ವಿನಾಯಿತಿ ಮಿತಿಯೊಳಗಿನ ಆದಾಯದವರಿಗೆ ಶುಲ್ಕವಿಲ್ಲ. ಅದರ ನಂತರ ಸಲ್ಲಿಸಬಹುದಾದ ನವೀಕೃತ ರಿಟರ್ನ್ (ಐಟಿಆರ್-ಯು) ಬೇರೊಂದಿದ್ದರೂ ಅದರಲ್ಲಿ ರೀಫಂಡ್ ಕೇಳುವಂತಿಲ್ಲ. ಹಳೆಯ ವರ್ಷಗಳ ದೊಡ್ಡ ಮೊತ್ತವಿದ್ದರೆ ವಿಳಂಬ ಮನ್ನಿಸುವಂತೆ ಇಲಾಖೆಗೆ ಅರ್ಜಿ ಹಾಕಬಹುದು.

ಸ್ವೀಕೃತಿಯ ಎರಡು ಪ್ರತಿ ಮುದ್ರಿಸಿ ಅವರಿಗೆ ಕೊಡಿ, ನಿಮ್ಮ ಗಣಕಯಂತ್ರದಲ್ಲಿರುವ ಆಧಾರ್, ಪಾಸ್‌ಬುಕ್ಕುಗಳ ಚಿತ್ರಗಳನ್ನು ಅಂದೇ ಅಳಿಸಿ. ನಿಮ್ಮ ವಹಿಯಲ್ಲಿ ಹೆಸರು, ಊರು, ಸಲ್ಲಿಸಿದ ದಿನ, ಬರಬೇಕಾದ ಮೊತ್ತ ಇಷ್ಟಿದ್ದರೆ ಸಾಕು. ಆಗಸ್ಟ್ ಕೊನೆಗೊಮ್ಮೆ ಅದೇ ಜಾಗದಲ್ಲಿ ಕುಳಿತು ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ನೋಡಿ. ಖಾತೆಯ ದೋಷದಿಂದ ಹಣ ವಾಪಸಾಗಿದ್ದರೆ ಪೋರ್ಟಲಿನಲ್ಲಿ ಮರುಜಾರಿಗೆ ಕೋರಬಹುದು. ರಿಟರ್ನ್ ದೋಷಪೂರಿತವೆಂದು ನೋಟಿಸು ಬಂದರೆ 15 ದಿನದೊಳಗೆ ಉತ್ತರಿಸಬೇಕು. ಇಲಾಖೆಯ ಸಹಾಯವಾಣಿ 1800 103 0025. ರೀಫಂಡ್ ಬಂದಿದೆ, ಲಿಂಕ್ ಒತ್ತಿರಿ ಎಂಬ ಸಂದೇಶ ಬಂದರೆ ಒತ್ತಬಾರದೆಂದು, ಎಟಿಎಂ ಪಿನ್ನನ್ನು ಇಲಾಖೆ ಎಂದೂ ಕೇಳುವುದಿಲ್ಲವೆಂದು ಹೊರಡುವಾಗ ಇನ್ನೊಮ್ಮೆ ಹೇಳಿ ಕಳುಹಿಸಿ.

ಏಳನೆಯ ಹೆಜ್ಜೆ: ಮುಂದಿನ ಏಪ್ರಿಲ್

ನವನಗರದ ಆ ತಾಯಿಯ 13,000 ರೂಪಾಯಿ ಮೊದಲೇ ಕಡಿತವಾಗದಂತೆ ತಡೆಯಬಹುದಿತ್ತು. ತನ್ನ ಆದಾಯಕ್ಕೆ ತೆರಿಗೆಯಿಲ್ಲವೆಂದು ಬ್ಯಾಂಕಿಗೆ ಘೋಷಣೆ ಕೊಟ್ಟಿದ್ದರೆ ಸಾಕಿತ್ತು. 60 ವರ್ಷದೊಳಗಿನವರಿಗೆ 15ಜಿ, ಮೇಲ್ಪಟ್ಟವರಿಗೆ 15ಎಚ್ ಎಂದು ಈ ನಮೂನೆಗಳು ಜನರ ಬಾಯಲ್ಲಿವೆ. ಹೊಸ ಕಾಯ್ದೆ ಬಂದ ಮೇಲೆ ಹಳೆಯ ಪ್ರತಿಗಳನ್ನು ಬಳಸದೆ, ಶಾಖೆಯಲ್ಲಿ ಚಾಲ್ತಿಯಲ್ಲಿರುವ ನಮೂನೆಯನ್ನೇ ಕೇಳಿ ಪಡೆಯಬೇಕು. 60 ವರ್ಷದೊಳಗಿನವರು ಎರಡು ಷರತ್ತು ಪೂರೈಸಬೇಕು: ತೆರಿಗೆ ಸೊನ್ನೆಯಾಗಿರಬೇಕು, ಬಡ್ಡಿಯ ಒಟ್ಟು ಮೊತ್ತವೂ ಮೂಲ ವಿನಾಯಿತಿ ಮಿತಿಯೊಳಗಿರಬೇಕು. ಹಿರಿಯರಿಗೆ ಮೊದಲನೆಯದಷ್ಟೇ ಸಾಕು. ಸುಳ್ಳು ಘೋಷಣೆ ಶಿಕ್ಷಾರ್ಹ ಅಪರಾಧ. ಆದ್ದರಿಂದ ಲೆಕ್ಕ ಹಾಕದೆ ಸಹಿ ಮಾಡಿಸಬಾರದು.

ಒಮ್ಮೆ ಕೊಟ್ಟ ಘೋಷಣೆ ಒಂದು ವರ್ಷಕ್ಕೆ ಮಾತ್ರ. ಯುಗಾದಿಯ ಆಸುಪಾಸಿನಲ್ಲಿ ನಿಮ್ಮ ವಹಿ ತೆರೆದು, ಬಡ್ಡಿಯ ಮೇಲೆ ರೀಫಂಡ್ ಪಡೆದ ಪ್ರತಿಯೊಬ್ಬರಿಗೂ ಒಂದು ಫೋನ್ ಮಾಡಿ, ಏಪ್ರಿಲ್ ಮೊದಲ ಎರಡು ವಾರದೊಳಗೆ ಠೇವಣಿಯಿರುವ ಪ್ರತಿ ಬ್ಯಾಂಕಿಗೂ ಪ್ರತ್ಯೇಕವಾಗಿ ಘೋಷಣೆ ಕೊಡಲು ಹೇಳಿ. ಎರಡು ಪ್ರತಿ ಒಯ್ಯಲಿ; ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಮುದ್ರೆ ಹಾಕಿಸಿಕೊಂಡು ಮನೆಗೆ ತರಲಿ.